ಗೇರುಸೊಪ್ಪೆ ಹೊಳೆಗೆ ಮರುಳಾದ ರೋಮ್‌ನವ

ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್‌ನಲ್ಲಿ ನಾವು ಮೂವರು ಒಂದು ಮೊಬೈಲಿಗೆ ಮೂರು ತಲೆ ಹಚ್ಚಿ ಕೂತಿದ್ವಿ. ಫ್ರಾನ್ಸಿನ ಹೊಳೆಗಳ ವಿಡಿಯೊ. ಜನ ಬಾಡಿಗೆ ದೋಣಿ ತಗೊಂಡು, ಅದರಲ್ಲೇ ಅಡುಗೆ ಮಾಡ್ಕೊಂಡು, ಅದರಲ್ಲೇ ಮಲಗಿ, ದಂಡೆಗೆ ಊರು ಬಂದಲ್ಲಿ ಹಗ್ಗ ಕಟ್ಟಿ ಇಳಿದು ಸಂತೆ ಸುತ್ತಿ, ಮತ್ತೆ ಮುಂದಕ್ಕೆ ಹೋಗ್ತಾರೆ. ಒಂದು ವಾರದ ಬಾಡಿಗೆ ರೂಪಾಯಿಗೆ ಲೆಕ್ಕ ಹಾಕಿ ನೋಡಿ ಮೊಬೈಲ್ ಬಂದ್ ಮಾಡಿದ್ವಿ. ಆಮೇಲೆ ಮಾತು ನಮ್ಮ ಹೊಳೆ ಕಡೆ ತಿರುಗಿತು.

ನಾವು ಮೂವರು ಅಂದ್ರೆ ಒಬ್ಬ ಗೋಕಾಕದವ, ಒಬ್ಬ ಮೂಡಲಗಿಯವ, ಒಬ್ಬ ಹುಕ್ಕೇರಿಯವ. ಮೂರೂ ತಾಲೂಕಿಗೆ ಘಟಪ್ರಭೆಯೇ ಗತಿ. ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಅದಕ್ಕೆ ಅಣೆಕಟ್ಟು, ಧೂಪದಾಳದಲ್ಲಿ ಒಡ್ಡು, ಅಲ್ಲಿಂದ ಹೊರಟ ಕಾಲುವೆ ನೀರಲ್ಲಿ ಮೂಡಲಗಿ ಕಡೆ ಕಬ್ಬು, ಗೋಕಾಕದಲ್ಲಿ 52 ಮೀಟರ್ ಎತ್ತರದಿಂದ ಜಿಗಿತ. ಇಂಥ ಹೊಳೆಯಲ್ಲಿ ದೋಣಿ ಬಿಟ್ಟು ಊರೂರು ನೋಡ್ಕೊಂಡು ಹೋಗೋದು ಆಗದ ಮಾತು. ಒಡ್ಡಿನ ಹತ್ರ ಇಳಿದು ದೋಣಿ ಹೊರಬೇಕು, ಜಲಪಾತದ ಹತ್ರ ಇಳಿಯೋದು ಮರೆತ್ರೆ ಮುಂದೆ ಹೇಳೋಕೆ ಯಾರೂ ಇರಲ್ಲ. ನಮ್ಮಲ್ಲಿ ಗೋಕಾಕದವ ತನ್ನ ಊರಲ್ಲಿ ದೋಣಿ ಕಂಡಿದ್ದು ಒಂದೇ ಸಲ, 2019ರ ಆಗಸ್ಟ್‌ನ ಮಹಾಪೂರದಲ್ಲಿ. ಅವನಿಗೆ ಆಗ 13 ವರ್ಷ. ಓಣಿಯಲ್ಲಿ ಬಂದ ಆ ದೋಣಿ ನೋಡಿ ಮೊದಲು ಖುಷಿಯಾಯ್ತಂತೆ. ಅಜ್ಜಿಯನ್ನ ಎತ್ತಿ ಅದರಲ್ಲಿ ಕೂರಿಸುವಾಗ ಅಳು ಬಂತಂತೆ.

ನಮ್ಮ ಕರ್ನಾಟಕದ ಹೊಳೆಯಲ್ಲಿ ದೋಣಿ ಹತ್ತಿ, ದಂಡೆಯ ಊರುಗಳನ್ನ ನೋಡಿ, ನೋಡಿದ್ದನ್ನ ಬರೆದಿಟ್ಟವರು ಯಾರಾದ್ರೂ ಇದ್ದಾರಾ ಅಂತ ಆ ರಾತ್ರಿ ಹುಡುಕಿದ್ವಿ. ಸಿಕ್ಕ ಹೆಸರು ಹೈಸ್ಕೂಲಿನ ಸಮಾಜ ಪುಸ್ತಕದಲ್ಲಿ ಕೆಳದಿ ನಾಯಕರ ಪಾಠದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುವಂಥದ್ದು. ಪಿಯೆತ್ರೊ ಡೆಲ್ಲಾ ವಲ್ಲೆ, ಇಟಲಿಯ ಪ್ರವಾಸಿ, ಇಕ್ಕೇರಿಗೆ ಬಂದಿದ್ದ. ಅಷ್ಟೇ. ಒಂದು ಮಾರ್ಕಿನ ಪ್ರಶ್ನೆಗೆ ಅಷ್ಟು ಸಾಕಿತ್ತು. ಆ ಒಂದು ಸಾಲಿನ ಹಿಂದೆ ಏನೇನಿತ್ತು ಅಂತ ಗೊತ್ತಾದ ಮೇಲೆ ನಮ್ಮ ಮೂವರಿಗೂ ಎರಡು ವಾರ ಬೇರೆ ಮಾತೇ ಇಲ್ಲ.

ಅವನು ಹುಟ್ಟಿದ್ದು 1586ರಲ್ಲಿ, ರೋಮ್‌ನಲ್ಲಿ, ದೊಡ್ಡ ಮನೆತನದಲ್ಲಿ. ದುಡ್ಡಿಗೆ ಕೊರತೆ ಇರಲಿಲ್ಲ, ಓದು, ಸಂಗೀತ, ಕವಿತೆ, ಕತ್ತಿವರಸೆ ಎಲ್ಲ ಇತ್ತು. ಒಬ್ಬ ಹುಡುಗಿಯನ್ನ ವರ್ಷಗಟ್ಟಲೆ ಪ್ರೀತಿಸಿದ. ಅವಳ ಮದುವೆ ಬೇರೆಯವನ ಜೊತೆ ಆಯ್ತು. ಜೀವ ಕಳೆದುಕೊಳ್ಳುವವರೆಗೂ ಹೋಯ್ತು ಅವನ ಯೋಚನೆ. ಆಗ ನೇಪಲ್ಸ್‌ನಲ್ಲಿದ್ದ ಗೆಳೆಯ ಮಾರಿಯೊ ಸ್ಕಿಪಾನೊ ಎಂಬ ವೈದ್ಯ ಅವನನ್ನ ಹಿಡಿದು ಕೂರಿಸಿ, ಪೂರ್ವದ ದೇಶಗಳಿಗೆ ಯಾತ್ರೆ ಹೋಗು ಅಂತ ಬುದ್ಧಿ ಹೇಳಿದ. ಹೋದಲ್ಲಿಂದ ನೀನು ಪತ್ರ ಬರೆ, ನಾನು ಅವನ್ನೆಲ್ಲ ಸೇರಿಸಿ ಪುಸ್ತಕ ಮಾಡ್ತೀನಿ ಅನ್ನೋದು ಇಬ್ಬರ ಒಪ್ಪಂದ. ಪ್ರಾಜೆಕ್ಟ್ ಪಾರ್ಟ್‌ನರ್‌ಗಳ ಬಗ್ಗೆ ನಮಗೆಲ್ಲ ಇರುವ ಅನುಭವ ಅವನಿಗೂ ಆಯ್ತು. ಪಿಯೆತ್ರೊ 54 ಪತ್ರ ಬರೆದ. ಸ್ಕಿಪಾನೊ ಪುಸ್ತಕ ಮಾಡಲೇ ಇಲ್ಲ.

1614ರ ಜೂನ್‌ನಲ್ಲಿ ವೆನಿಸ್‌ನಿಂದ ಹಡಗು ಹತ್ತಿದ. ಯಾತ್ರಿಕನ ಉಡುಪು, ಕೈಯಲ್ಲಿ ಹರಕೆ, ಮನಸ್ಸಲ್ಲಿ ಇನ್ನೂ ಆ ಹುಡುಗಿ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ವರ್ಷದ ಮೇಲೆ ಉಳಿದು ತುರ್ಕಿ ಭಾಷೆ ಕಲಿತ. ದಾರಿ ಕೇಳೋಕೆ ಬೇಕಾದಷ್ಟು ಅಲ್ಲ, ಮುಂದೆ ಆ ಭಾಷೆಗೆ ವ್ಯಾಕರಣ ಬರೆಯುವಷ್ಟು. ಅರಬ್ಬಿ ಕಲಿತ, ಪಾರಸಿ ಕಲಿತ. ಹೋದ ಊರಿನ ಬಟ್ಟೆ ಹಾಕಿದ, ಅಲ್ಲಿಯವರ ಊಟ ಉಂಡ. ಈಜಿಪ್ಟ್‌ಗೆ ಹೋಗಿ ಪಿರಮಿಡ್ ಹೊಕ್ಕು ಬಂದ. ಅವನು ಅಲ್ಲಿ ಕೊಂಡ ಎರಡು ಮಮ್ಮಿಗಳು ಇವತ್ತು ಜರ್ಮನಿಯ ಡ್ರೆಸ್ಡೆನ್‌ನಲ್ಲಿವೆ. ಸಿನಾಯ್ ಬೆಟ್ಟ, ಜೆರುಸಲೇಮ್, ದಮಾಸ್ಕಸ್, ಅಲೆಪ್ಪೊ ದಾಟಿ 1616ರಲ್ಲಿ ಬಾಗ್ದಾದ್ ಮುಟ್ಟಿದ.

ಬಾಗ್ದಾದ್‌ನಲ್ಲಿ ಕತೆ ತಿರುಗುತ್ತೆ. ಅಲ್ಲಿಯ ಒಂದು ಕ್ರೈಸ್ತ ಮನೆತನದ ಹುಡುಗಿ ಸಿತ್ತಿ ಮಾನಿ. ಅವಳ ವಿಷಯವನ್ನ ದಾರಿಯಲ್ಲಿ ಜೊತೆಗಾರನಿಂದ ಕೇಳಿಯೇ ಇವನಿಗೆ ಅರ್ಧ ಪ್ರೀತಿ ಹುಟ್ಟಿತ್ತು, ನೋಡಿದ ಮೇಲೆ ಇನ್ನರ್ಧ. ಅದೇ ವರ್ಷ ಮದುವೆ. ಹಳೇ ಹುಡುಗಿಯ ಮಾತು ಆಮೇಲೆ ಬರಲ್ಲ. ಮಾನಿ ಗಂಡನ ಜೊತೆ ಕುದುರೆ ಮೇಲೆ, ಒಂಟೆ ಮೇಲೆ ಪರ್ಷಿಯಾ ತುಂಬ ಓಡಾಡಿದಳು. ದೊರೆ ಷಾ ಅಬ್ಬಾಸ್‌ನ ಪರಿಚಯವಾಯ್ತು. ಅಲ್ಲಿಯ ಉದ್ದ ಕೂದಲಿನ ಬೆಕ್ಕುಗಳನ್ನ ಇಟಲಿಗೆ ಒಯ್ದು ಸಾಕಬೇಕು ಅಂತ ಪಿಯೆತ್ರೊ ಯೋಜನೆ ಹಾಕಿದ. ಇನ್‌ಸ್ಟಾಗ್ರಾಂನಲ್ಲಿ ಪರ್ಷಿಯನ್ ಕ್ಯಾಟ್ ನೋಡಿ ಹೃದಯ ಒತ್ತುವವರು ಈ ಮನುಷ್ಯನನ್ನ ಒಮ್ಮೆ ನೆನೆಯಬೇಕು.

1621ರಲ್ಲಿ ಪರ್ಸೆಪೊಲಿಸ್‌ನ ಹಾಳು ಅರಮನೆಯ ಕಲ್ಲುಗಳ ಮೇಲೆ ಬೆಣೆಯಂಥ ಗೀಟುಗಳ ಬರಹ ಕಂಡ. ಆ ಕಾಲಕ್ಕೆ ಅದನ್ನ ಓದಬಲ್ಲವರು ಭೂಮಿ ಮೇಲೆ ಒಬ್ಬರೂ ಇರಲಿಲ್ಲ. ಇವನು ಕೂತು ಐದು ಅಕ್ಷರ ನಕಲು ಮಾಡಿದ. ಬೆಣೆಯ ದಪ್ಪ ತುದಿ ಎಲ್ಲಿದೆ, ಸಣ್ಣ ತುದಿ ಯಾವ ಕಡೆಗಿದೆ ಅನ್ನೋದನ್ನ ಗಮನಿಸಿ, ಇದನ್ನ ಎಡದಿಂದ ಬಲಕ್ಕೆ ಬರೆದಿರಬೇಕು ಅಂತ ಊಹಿಸಿದ. ಆ ಲಿಪಿಯನ್ನ ಜಗತ್ತು ಓದಿದ್ದು 19ನೇ ಶತಮಾನದಲ್ಲಿ. ಇವನ ಊಹೆ ಸರಿಯಾಗಿತ್ತು. ಡೇಟಾ ಐದೇ ಅಕ್ಷರ, ಸಾಫ್ಟ್‌ವೇರ್ ಇಲ್ಲ, ಗೈಡ್ ಇಲ್ಲ. ನಮಗೆ ಇದು ಬಹಳ ಹಿಡಿಸಿತು.

ಅದೇ ವರ್ಷದ ಕೊನೆಗೆ ಇಬ್ಬರೂ ಕಡಲ ಕಡೆ ಇಳಿದರು. ಹೊರ್ಮುಜ್‌ನಲ್ಲಿ ಪೋರ್ಚುಗೀಸರಿಗೂ, ಷಾ ಜೊತೆ ಸೇರಿದ್ದ ಇಂಗ್ಲಿಷರಿಗೂ ಯುದ್ಧ, ಹಡಗು ಇಲ್ಲ. ಮಿನಾಬ್ ಎಂಬ ಊರಿನ ಕೆಟ್ಟ ಹವೆಯಲ್ಲಿ ಎಲ್ಲರಿಗೂ ಜ್ವರ. ಬಸುರಿಯಾಗಿದ್ದ ಮಾನಿಯ ಗರ್ಭ ಇಳಿದು, 1621ರ ಡಿಸೆಂಬರ್ 30ರಂದು ತೀರಿಕೊಂಡಳು. ನಮಗಿಂತ ನಾಲ್ಕೈದು ವರ್ಷ ದೊಡ್ಡವಳು, ಅಷ್ಟೇ.

ಅವಳನ್ನ ಆ ಊರಲ್ಲಿ ಮಣ್ಣು ಮಾಡೋಕೆ ಪಿಯೆತ್ರೊ ಒಪ್ಪಲಿಲ್ಲ. ದೇಹಕ್ಕೆ ಕರ್ಪೂರ ತುಂಬಿಸಿ ಕೆಡದಂತೆ ಮಾಡಿಸಿದ, ಪೆಟ್ಟಿಗೆಯಲ್ಲಿಟ್ಟ, ರೋಮ್‌ನಲ್ಲಿ ತನ್ನ ಮನೆತನದ ಸಮಾಧಿಯಲ್ಲೇ ಇಡ್ತೀನಿ ಅಂತ ಹೊರಟ. ಹೆಣ ಇದೆ ಅಂತ ಗೊತ್ತಾದ್ರೆ ಯಾವ ನಾವಿಕನೂ ಹಡಗಿಗೆ ಹತ್ತಿಸಿಕೊಳ್ಳಲ್ಲ. ಅದಕ್ಕೆ ಪೆಟ್ಟಿಗೆಯೊಳಗೆ ಬಟ್ಟೆಬರೆ ತುಂಬಿ ಮುಚ್ಚಿಟ್ಟ. ಹೀಗೆ ಆ ಮನುಷ್ಯ ಹೆಂಡತಿಯ ದೇಹದ ಜೊತೆ ನಾಲ್ಕು ವರ್ಷಕ್ಕೂ ಮಿಕ್ಕಿ ದಾರಿ ಸವೆಸಿದ. ಇದನ್ನ ಪ್ರೀತಿ ಅನ್ನಬೇಕೋ ಹುಚ್ಚು ಅನ್ನಬೇಕೋ ಅಂತ ನಮ್ಮ ಮೂವರಲ್ಲಿ ಇನ್ನೂ ಒಮ್ಮತ ಆಗಿಲ್ಲ. ಮೂಡಲಗಿಯವನ ಪ್ರಕಾರ ಎರಡೂ ಹೌದು. ಇಂಡಿಯಾಕ್ಕೆ ಅವನು ಬಂದಿದ್ದು ಈ ಸ್ಥಿತಿಯಲ್ಲಿ ಅನ್ನೋದನ್ನ ನಮ್ಮ ಪಾಠದ ಆ ಒಂದು ಸಾಲು ಹೇಳಿರಲಿಲ್ಲ.

1623ರ ಫೆಬ್ರವರಿಯಲ್ಲಿ ಇಂಗ್ಲಿಷ್ ಹಡಗಿನಲ್ಲಿ ಸೂರತ್‌ಗೆ ಬಂದ. ಖಂಬಾತ್, ಅಹಮದಾಬಾದ್ ನೋಡಿದ. ಖಂಬಾತ್‌ನಲ್ಲಿ ಹಕ್ಕಿಗಳಿಗೆ ಅಂತಲೇ ಆಸ್ಪತ್ರೆ ಇರೋದು ಕಂಡು ಅದರ ವಿವರವನ್ನೆಲ್ಲ ಬರೆದ. ಏಪ್ರಿಲ್‌ಗೆ ಗೋವಾ. ಅವನ ಜೊತೆ ಟಿನಾಟಿನ್ ಅನ್ನೋ ಜಾರ್ಜಿಯಾದ ಅನಾಥ ಹುಡುಗಿಯೂ ಇದ್ದಳು, ಮಾನಿ ಸಾಕಿಕೊಂಡವಳು. ಆ ಹೊತ್ತಿಗೆ ನಮ್ಮ ಗೋಕಾಕ, ಹುಕ್ಕೇರಿ ಎಲ್ಲ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿ. ಗೋವಾದಿಂದ ಘಟ್ಟ ಹತ್ತಿ ಪೂರ್ವಕ್ಕೆ ನಡೆದಿದ್ರೆ ನಮ್ಮೂರಿಗೆ ಬಂದಿರ್ತಿದ್ದ. ಅವನು ತೆಂಕಣ ದಾರಿ ಹಿಡಿದ. ನಮಗೆ ಸ್ವಲ್ಪ ಹೊಟ್ಟೆಕಿಚ್ಚು ಇದೆ, ಮುಚ್ಚಿಡಲ್ಲ.

ತೆಂಕಣಕ್ಕೆ ಹೋಗೋಕೆ ಕಾರಣ ಮೆಣಸು ಮತ್ತು ರಾಜಕಾರಣ. ಇಕ್ಕೇರಿಯ ವೆಂಕಟಪ್ಪ ನಾಯಕ ಮಂಗಳೂರು ಕಡೆಯ ಬಂಗರಸನ ನೆಲವನ್ನ ಗೆದ್ದುಕೊಂಡಿದ್ದ. ಬಂಗರಸ ಪೋರ್ಚುಗೀಸರ ಗೆಳೆಯ. ಮೆಣಸು ಬೇಕಿದ್ದರೆ ಪೋರ್ಚುಗೀಸರು ವೆಂಕಟಪ್ಪನ ಜೊತೆ ಚೆನ್ನಾಗಿರಬೇಕು, ಮಾನ ಉಳಿಯಬೇಕಿದ್ದರೆ ಬಂಗರಸನ ಪರ ನಿಲ್ಲಬೇಕು. ಈ ಇಕ್ಕಟ್ಟಿನಲ್ಲಿ ಗೋವಾದಿಂದ ಒಬ್ಬ ರಾಯಭಾರಿ ಹೊರಟ. ವೆಂಕಟಪ್ಪನ ಕಡೆಯ ದೂತ ವಿಠಲ ಶೆಣೈ ಕೂಡ ಅದೇ ಗುಂಪಲ್ಲಿ ಊರಿಗೆ ವಾಪಸ್ ಹೊರಟಿದ್ದ. ಪಿಯೆತ್ರೊಗೆ ಮೆಣಸೂ ಬೇಡ, ಬಂಗರಸನೂ ಬೇಡ. ಪೋರ್ಚುಗೀಸರು ಕಾಲಿಡದ ಒಳನಾಡನ್ನ ನೋಡಬಹುದಲ್ಲ ಅಂತ ಜೊತೆಯಾದ. 1623ರ ಅಕ್ಟೋಬರ್‌ನಲ್ಲಿ ಗೋವಾ ಬಿಟ್ಟು ಕಡಲ ಮೇಲೆ ಹೊನ್ನಾವರಕ್ಕೆ ಬಂದರು. ಅಲ್ಲಿ ಕೆಲವು ದಿನ ಕಾದು, ದೋಣಿಗಳಲ್ಲಿ ಶರಾವತಿ ಹಿಡಿದು ಮೇಲಕ್ಕೆ ಹೊರಟರು.

ಇಲ್ಲಿ ಸ್ವಲ್ಪ ನಮ್ಮ ಕತೆ. ಇವನ ಹುಚ್ಚು ಹತ್ತಿದ ಮೇಲೆ, ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ರಾತ್ರಿ ಬಸ್ಸಿಗೆ ಹೊನ್ನಾವರಕ್ಕೆ ಹೋದ್ವಿ. ಪ್ರವಾಸಿಗರನ್ನ ಕೂರಿಸಿಕೊಂಡು ಒಂದು ಸುತ್ತು ಹಾಕಿಸುವ ದೋಣಿ ಸಿಕ್ತು. ಲೈಫ್ ಜಾಕೆಟ್ ಹಾಕ್ಕೊಂಡು ಕೂತ್ವಿ. ಬಯಲುಸೀಮೆ ಹುಡುಗರಿಗೆ ಮೊದಲು ಆಶ್ಚರ್ಯ ಆಗಿದ್ದು ನೀರಿನ ದಿಕ್ಕು. ಹೊಳೆ ಅಂದ್ರೆ ಒಂದೇ ಕಡೆ ಹರಿಯೋದು ಅಂತ ನಮ್ಮ ತಿಳುವಳಿಕೆ. ಇಲ್ಲಿ ಭರತ ಬಂದಾಗ ನೀರು ಕಡಲಿಂದ ಒಳಕ್ಕೆ ಏರ್ತಿತ್ತು. ಹೊನ್ನಾವರದಿಂದ ಗೇರುಸೊಪ್ಪೆ ಸುಮಾರು 30 ಕಿಲೋಮೀಟರ್, ಆದರೆ ಹೊಳೆಯ ಏರು ಬಹಳ ಕಡಿಮೆ. ಜೋಗದಲ್ಲಿ 253 ಮೀಟರ್ ಧುಮುಕಿದ ಅದೇ ಶರಾವತಿ, ಘಟ್ಟದ ಕೆಳಗೆ ಬಂದ ಮೇಲೆ ಅವಸರ ಎಲ್ಲ ಬಿಟ್ಟು ಕಡಲಿನ ಜೊತೆ ಹರಟೆ ಹೊಡೆಯುತ್ತಾ ಸಾಗುತ್ತೆ. ಹಾಗಾಗಿಯೇ ಭಾರದ ದೋಣಿ ಒಳನಾಡಿನವರೆಗೆ ಹೋಗಬಹುದಿತ್ತು, ಹಾಗಾಗಿಯೇ ಘಟ್ಟದ ಬುಡದಲ್ಲಿ ಗೇರುಸೊಪ್ಪೆಯಂಥ ಪೇಟೆ ಬೆಳೆದಿತ್ತು. ಘಟ್ಟದ ಮೇಲಿಂದ ಮೆಣಸು ಎತ್ತಿನ ಬೆನ್ನ ಮೇಲೆ ಇಳಿಯಬೇಕು, ದೋಣಿಗೆ ತುಂಬಬೇಕು, ಕಡಲಿಗೆ ಸೇರಬೇಕು. ಘಟಪ್ರಭೆಗೆ ಈ ಭಾಗ್ಯ ಇಲ್ಲದ್ದಕ್ಕೇ ಗೋಕಾಕ ಬೇರೆ ರೀತಿಯ ಊರಾಯ್ತು.

ಪಿಯೆತ್ರೊ ಏನು ಕಂಡ? ಎರಡೂ ದಂಡೆಗಳಲ್ಲಿ ಬಯಲೂ ಅಲ್ಲ, ಪೂರಾ ಬೆಟ್ಟವೂ ಅಲ್ಲದ, ಸಣ್ಣ ಗುಡ್ಡ ಮತ್ತು ತಗ್ಗು ಬೆರೆತ ನೆಲ. ತೆಂಗು, ಅಡಿಕೆ, ಮಾವು. ಎಲ್ಲೆಲ್ಲೂ ಸಿಹಿನೀರಿನ ಹಳ್ಳಗಳು ಬಂದು ಸೇರೋದು. ಮರಕ್ಕೆ ಸುತ್ತಿದ ಬಳ್ಳಿ, ಆಕಾಶ ಮುಟ್ಟುವ ಬಿದಿರು, ಆ ಹಸಿರಿನ ನಡುವೆ ಸುತ್ತಿ ಸುತ್ತಿ ಬರುವ ನೀರು. ಮನುಷ್ಯ ಕಟ್ಟಿದ ಅಲಂಕಾರ ಏನೂ ಇಲ್ಲದೆ, ತಾನಾಗೇ ಇಷ್ಟು ಚೆಂದ ಇರುವ ಹೊಳೆಯನ್ನ ತಾನು ಬೇರೆಲ್ಲೂ ನೋಡಿಲ್ಲ ಅಂತ ಅವನ ತೀರ್ಮಾನ. ಇದನ್ನ ಹೇಳ್ತಿರೋನು ನೈಲ್ ನೋಡಿದವ, ಟೈಗ್ರಿಸ್, ಯೂಫ್ರೆಟಿಸ್ ದಾಟಿದವ, ಟೈಬರ್ ದಂಡೆಯಲ್ಲಿ ಹುಟ್ಟಿದವ. ಹೆಂಡತಿ ಸತ್ತು ಎರಡು ವರ್ಷ ತುಂಬಿರಲಿಲ್ಲ. ಒಂದು ದಿನದ ಆ ದೋಣಿ ಪಯಣವನ್ನ ಬದುಕಿನ ಅತ್ಯಂತ ಹಿತವಾದ ಪಯಣಗಳ ಸಾಲಿಗೆ ಸೇರಿಸಿದ. ಅವನ ಪತ್ರದ ಈ ಭಾಗ ಓದುವಾಗ, ಬಹಳ ದಿನದ ಮೇಲೆ ಒಬ್ಬ ಮನುಷ್ಯ ಉಸಿರು ಬಿಟ್ಟ ಹಾಗೆ ಅನಿಸುತ್ತೆ.

ದೋಣಿ ನಿಂತಿದ್ದು ಗೇರುಸೊಪ್ಪೆಯಲ್ಲಿ. ಅಷ್ಟು ಚೆಂದದ ಹೊಳೆಯ ತುದಿಯಲ್ಲಿ ಅವನಿಗೆ ಸಿಕ್ಕಿದ್ದು ಹಾಳೂರು. ಒಂದು ಕಾಲಕ್ಕೆ ರಾಣಿ ಆಳಿದ ರಾಜಧಾನಿ, ಈಗ ಅರಮನೆ ಬಿದ್ದು ಅದರ ಮೇಲೆ ಮರ ಬೆಳೆದಿದೆ, ಉಳಿದಿರೋದು ರೈತರ ಕೆಲವು ಗುಡಿಸಲು. ಪೋರ್ಚುಗೀಸರು ಇಲ್ಲಿಯ ರಾಣಿಯನ್ನ ಮೆಣಸಿನ ರಾಣಿ ಅಂತ ಕರೀತಿದ್ರು. ಚೆನ್ನಭೈರಾದೇವಿಯ ಹೆಸರು ನೀವೂ ಕೇಳಿರ್ತೀರಿ. ಪಿಯೆತ್ರೊ ಬರೆದಿಟ್ಟ ಕತೆ ಹೀಗಿದೆ: ರಾಣಿ ಒಬ್ಬ ಹೊರಗಿನವನನ್ನ ಮೆಚ್ಚಿದಳು, ಅವನು ಬೆನ್ನಿಗೆ ಚೂರಿ ಹಾಕಿ ರಾಜ್ಯವನ್ನ ವೆಂಕಟಪ್ಪ ನಾಯಕನಿಗೆ ಒಪ್ಪಿಸಿದ, ವೆಂಕಟಪ್ಪ ಊರನ್ನ ನಾಶ ಮಾಡಿದ. ನಮಗೆ ಈ ಕತೆಯ ಮೇಲೆ ಪೂರ್ತಿ ನಂಬಿಕೆ ಇಲ್ಲ. ಇವನು ಬಂದಿದ್ದೇ ಗೆದ್ದವನ ಆಸ್ಥಾನಕ್ಕೆ ಹೊರಟ ಗುಂಪಿನ ಜೊತೆ. ಸೋತ ಹೆಣ್ಣಿನ ಬಗ್ಗೆ ಗೆದ್ದವರ ಕಡೆಯಿಂದ ಹೊರಡುವ ಕತೆ ಯಾವಾಗಲೂ ಹೀಗೇ ಇರುತ್ತೆ, ರಾಜಕಾರಣ ಮಾಯವಾಗಿ ಪ್ರೇಮ ಪ್ರಕರಣ ಉಳಿಯುತ್ತೆ. ದಶಕಗಳ ಕಾಲ ಮೆಣಸಿನ ವ್ಯಾಪಾರವನ್ನ ಕೈಯಲ್ಲಿ ಹಿಡಿದವಳು ಅಷ್ಟು ದಡ್ಡಿ ಇದ್ದಳು ಅಂತ ನಂಬೋಕೆ ನಮ್ಮ ಹುಕ್ಕೇರಿಯವಳು ತಯಾರಿಲ್ಲ. ಹೌದು, ನಾವು ಮೂವರಲ್ಲಿ ಒಬ್ಬಳು ಹುಡುಗಿ. ಮೇಲೆ ಹುಕ್ಕೇರಿಯವ ಅಂತ ಬರೆದಿದ್ದಕ್ಕೆ ಆಗಲೇ ಬೈಸಿಕೊಂಡಾಗಿದೆ, ಹಾಸ್ಟೆಲ್ ಅಂದಿದ್ದಕ್ಕೂ. ಅದು ಹಾಸ್ಟೆಲ್ ಎದುರಿನ ಕಟ್ಟೆ.

ಹೊಳೆಯ ದಂಡೆಯ ಕಾಡಲ್ಲಿ, ನಗರಬಸ್ತಿಕೇರಿಯಲ್ಲಿ, ಆ ರಾಜಧಾನಿಯ ಚತುರ್ಮುಖ ಬಸದಿ ಇವತ್ತಿಗೂ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು. ನಾವು ಹೋದಾಗ ಬೇರೆ ಯಾರೂ ಇರಲಿಲ್ಲ. ಪಕ್ಕದಲ್ಲೇ ಮೇಲ್ಗಡೆ ಶರಾವತಿಯ ನೀರನ್ನ ಕೊನೇ ಸಲ ಹಿಡಿದು ವಿದ್ಯುತ್ ತೆಗೆಯುವ 240 ಮೆಗಾವ್ಯಾಟ್‌ನ ಗೇರುಸೊಪ್ಪೆ ಕೇಂದ್ರ. ಕೆಳಗಿನ ಹೊಳೆಯಲ್ಲಿ ಇವತ್ತು ಎಷ್ಟು ನೀರು ಅನ್ನೋದು ಮಳೆಯ ಜೊತೆಗೆ ರಾಜ್ಯಕ್ಕೆ ಎಷ್ಟು ಕರೆಂಟು ಬೇಕು ಅನ್ನೋದರ ಮೇಲೂ ನಿಂತಿದೆ.

ಗೇರುಸೊಪ್ಪೆಯಿಂದ ಪಲ್ಲಕ್ಕಿಯಲ್ಲಿ, ಕಾಲ್ನಡಿಗೆಯಲ್ಲಿ ಘಟ್ಟ ಹತ್ತಿದರು. ದಾರಿಯಲ್ಲಿ ಒಂದು ಹನುಮಂತನ ಗುಡಿಯ ಜಗಲಿಯಲ್ಲಿ ಅವನು ಕಂಡದ್ದು ನಮ್ಮ ಪಾಲಿಗೆ ಇಡೀ ಪ್ರವಾಸದ ಅತಿ ಒಳ್ಳೆ ಭಾಗ. ನಾಲ್ವರು ಹುಡುಗರು ಲೆಕ್ಕ ಕಲೀತಿದ್ದಾರೆ. ಮೇಷ್ಟ್ರು ಅಲ್ಲಿಲ್ಲ. ನೆಲದ ಮೇಲೆ ನಯವಾದ ಮರಳು ಹರಡಿದೆ. ಒಬ್ಬ ಹುಡುಗ ರಾಗವಾಗಿ ಮಗ್ಗಿಯ ಒಂದು ತುಣುಕು ಹಾಡಿ ಆ ಅಂಕಿಯನ್ನ ಬೆರಳಲ್ಲಿ ಮರಳಿನ ಮೇಲೆ ಬರೀತಾನೆ. ಉಳಿದ ಮೂವರು ಅದನ್ನೇ ಹಾಡಿ ಬರೀತಾರೆ. ಮುಂದಿನ ತುಣುಕು, ಮತ್ತೆ ಹಾಗೇ. ನೆಲ ತುಂಬಿದಾಗ ಕೈಯಿಂದ ಅಳಿಸಿ, ಪಕ್ಕದ ರಾಶಿಯಿಂದ ಹೊಸ ಮರಳು ಹಾಕಿ ಮುಂದುವರಿಸ್ತಾರೆ. ಕಾಗದ ಖರ್ಚಿಲ್ಲ, ಲೇಖನಿ ಬೇಡ. ಪಿಯೆತ್ರೊ ಹತ್ತಿರ ಹೋಗಿ, ನೀವೆಲ್ಲ ಕಲಿಯುವವರೇ, ಮರೆತರೆ ಹೇಳಿಕೊಡೋರು ಯಾರು ಅಂತ ಕೇಳಿಸಿದ. ನಾಲ್ವರೂ ಒಂದೇ ಜಾಗವನ್ನ ಒಟ್ಟಿಗೆ ಮರೆಯೋದು ಹೇಗೆ ಸಾಧ್ಯ, ಒಬ್ಬ ಮರೆತರೆ ಇನ್ನೊಬ್ಬನಿಗೆ ನೆನಪಿರುತ್ತೆ ಅಂತ ಹುಡುಗರ ಉತ್ತರ. ಅವನು ಬೆರಗಾದ.

ಇದನ್ನ ಓದಿದ ದಿನ ನಾವೂ ಬೆರಗಾದ್ವಿ. ಎಂ-3 ಪೇಪರಿನ ಹಿಂದಿನ ರಾತ್ರಿ ಹಾಸ್ಟೆಲ್ ಕಾರಿಡಾರಿನಲ್ಲಿ ನಡೆಯೋದೂ ಇದೇ ತಾನೆ? ಒಂದು ಸಿಸ್ಟಂನಲ್ಲಿ ಎಲ್ಲ ಭಾಗ ಒಂದೇ ಸಲ ಕೆಡೋ ಸಂಭವ ಕಡಿಮೆ ಅಂತ ರಿಲಯಬಿಲಿಟಿ ಪಾಠದಲ್ಲಿ ಓದ್ತೀವಿ. ಘಟ್ಟದ ಕನ್ನಡ ಹುಡುಗರು 1623ರಲ್ಲಿ ಅದನ್ನ ಗುಡಿಯ ಜಗಲಿ ಮೇಲೆ ಕೂತು ವಿದೇಶಿಯೊಬ್ಬನಿಗೆ ಹೇಳಿದ್ದರು. ನಾವು ಮೂವರೂ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಅಜ್ಜ ಒಂದೊಂದ್ಲೆ ಒಂದು ಹೇಳಿಸುವಾಗ ನಮಗೆ ಅದು ಹಳ್ಳಿ ಪದ್ಧತಿ ಅಂತ ನಾಚಿಕೆ ಆಗ್ತಿತ್ತು.

ನವೆಂಬರ್ ಮೊದಲ ವಾರದ ಹೊತ್ತಿಗೆ ಸಾಗರ ದಾಟಿ ಇಕ್ಕೇರಿ. ಅಗಲ ಬೀದಿಗಳು, ಮಣ್ಣಿನ ಮನೆಗಳು, ಕೆರೆಗಳು, ಅಘೋರೇಶ್ವರ ದೇವಸ್ಥಾನ. ಆ ದೇವಸ್ಥಾನ ಮಾತ್ರ ಈಗಲೂ ಇದೆ, ಊರು ಚಿಕ್ಕ ಹಳ್ಳಿಯಾಗಿದೆ. ರಾತ್ರಿ ಬೀದಿಯಲ್ಲಿ ಬಣ್ಣದ ಕೋಲು ಹಿಡಿದು ಕುಣಿಯುವ ಹುಡುಗಿಯರನ್ನ ಕಂಡ. ಅದು ಕೋಲಾಟ ಅಂತ ನಮಗೆ ನಿಮಗೆ ಗೊತ್ತು, ಅವನು ಹೆಜ್ಜೆ ಹೆಜ್ಜೆಯನ್ನೂ ವಿವರಿಸಬೇಕಾಯ್ತು. ದೊರೆ ಲಿಂಗವಂತ ಅನ್ನೋದನ್ನ, ಜಂಗಮರಿಗೆ ಜನ ಕೊಡುವ ಮರ್ಯಾದೆಯನ್ನ ಗುರುತು ಹಾಕಿಕೊಂಡ. ಅವನು ಎಲ್ಲವನ್ನೂ ಸರಿಯಾಗಿ ಅರ್ಥ ಮಾಡ್ಕೊಂಡ ಅಂತಲ್ಲ. ನಮ್ಮ ದೇವರುಗಳ ಬಗ್ಗೆ ಅವನ ಮಾತು ಹಲವು ಕಡೆ ಒರಟು. ಕನ್ನಡ ಅವನಿಗೆ ಬರ್ತಿರಲಿಲ್ಲ, ದುಭಾಷಿ ಹೇಳಿದ್ದೇ ಆಧಾರ. ಆದರೂ ಕಂಡದ್ದನ್ನ ಕಂಡ ಹಾಗೆ ಬರೆಯುವ ಶಿಸ್ತು ಇತ್ತು.

ಅದೇ ಊರಲ್ಲಿ ಒಂದು ದಿನ ಕುದುರೆ ಮೇಲೆ ಒಬ್ಬ ಹೆಂಗಸು ಮೆರವಣಿಗೆಯಲ್ಲಿ ಹೋಗೋದು ಕಂಡ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಗಂಡ ತೀರಿಕೊಂಡಿದ್ದ, ಅವಳು ಸಹಗಮನಕ್ಕೆ ನಿಶ್ಚಯಿಸಿದ್ದಳು. ಕೆಲವು ದಿನ ಬಿಟ್ಟು ಪಿಯೆತ್ರೊ ಅವಳ ಮನೆ ಹುಡುಕಿಕೊಂಡು ಹೋದ. ಅವನು ಬರೆದ ಹೆಸರನ್ನ ಕನ್ನಡಕ್ಕೆ ತಂದರೆ ಜಕ್ಕಮ್ಮ ಅಂತ ಆಗುತ್ತೆ. ಗಂಡ ಡೋಲು ಬಾರಿಸುವವನಾಗಿದ್ದ. ಚಿಕ್ಕ ಮಕ್ಕಳಿದ್ದರು. ಇಂಥ ಸಾವು ದೊಡ್ಡ ಮನೆತನಗಳ ಹೆಂಗಸರದು ಅಂತ ತಿಳಿದಿದ್ದ ಅವನಿಗೆ ಇದೇ ಮೊದಲ ಆಶ್ಚರ್ಯ. ಅವಳು ನಗುಮುಖದಲ್ಲೇ ಮಾತಾಡಿದಳು, ಯಾರೂ ಒತ್ತಾಯ ಮಾಡಿಲ್ಲ ಅಂದಳು. ಮಕ್ಕಳ ಹೆಸರು ಹೇಳಿ, ವಯಸ್ಸಿನ ಹೆಸರು ಹೇಳಿ, ಬೇಡ ಅಂತ ಅವನು ಬಗೆಬಗೆಯಾಗಿ ಬೇಡಿಕೊಂಡ. ಅವಳು ಕದಲಲಿಲ್ಲ. ಕೊನೆಗೆ ನಿನ್ನ ಹೆಸರು ನನ್ನ ದೇಶದಲ್ಲೂ ಉಳಿಯುವಂತೆ ಬರೀತೀನಿ ಅಂತ ಮಾತು ಕೊಟ್ಟು ಬಂದ. ಅವಳ ಮೇಲೆ ಕವಿತೆ ಬರೆದ ಕೂಡ.

ಈ ಭೇಟಿಯನ್ನ ನಾವು ಮತ್ತೆ ಮತ್ತೆ ಓದಿದ್ವಿ. ಸತ್ತ ಹೆಂಡತಿಯನ್ನ ಬಿಡಲಾರದೆ ಪೆಟ್ಟಿಗೆಯಲ್ಲಿ ಹೊತ್ತು ದೇಶ ಸುತ್ತುವ ಗಂಡ, ಸತ್ತ ಗಂಡನ ಹಿಂದೆ ಹೋಗೋಕೆ ಸಿದ್ಧಳಾದ ಹೆಂಡತಿ, ಇಬ್ಬರೂ ಇಕ್ಕೇರಿಯ ಒಂದು ಮನೆ ಮುಂದೆ ನಿಂತು ದುಭಾಷಿಯ ಮೂಲಕ ಮಾತಾಡಿದ್ದಾರೆ. ಗಂಡಸಿಗೆ ದುಃಖ ಹೊತ್ತುಕೊಂಡು ಬದುಕುವ ದಾರಿ ಇತ್ತು. ಜಕ್ಕಮ್ಮನಿಗೆ ಆ ದಾರಿ ತೋರಿಸಿದವರು ಯಾರೂ ಇರಲಿಲ್ಲ. ಒತ್ತಾಯ ಇಲ್ಲ ಅಂತ ಅವಳು ಹೇಳಿದ ಮಾತನ್ನ ಎಷ್ಟು ನಂಬಬೇಕು ಅನ್ನೋದು ನಮ್ಮಲ್ಲಿ ದೊಡ್ಡ ಜಗಳವೇ ಆಯ್ತು. ಅವಳ ಸುತ್ತ ನಿಂತ ಜನರನ್ನೂ ಅವನು ಬರೆದಿದ್ದಾನೆ ಅನ್ನೋದನ್ನ ಮರೀಬೇಡಿ ಅಂತ ನಮ್ಮ ಹುಕ್ಕೇರಿಯವಳು ಹೇಳಿದ ಮೇಲೆ ಜಗಳ ನಿಂತಿತು.

ಇಕ್ಕೇರಿಯಿಂದ ಅವನು ಘಟ್ಟ ಇಳಿದು ಬಸ್ರೂರಿಗೆ, ಅಲ್ಲಿಂದ ಮಂಗಳೂರಿಗೆ ಹೋದ. ಆ ಕಡೆ ಮತ್ತೊಬ್ಬ ಹೆಂಗಸನ್ನ ಕಂಡ, ಉಳ್ಳಾಲದ ರಾಣಿ. ಅರಮನೆಯಲ್ಲಿ ಅಲ್ಲ, ಬೀದಿಯಲ್ಲಿ. ಬರಿಗಾಲು, ಸಾದಾ ಹತ್ತಿ ಬಟ್ಟೆ, ತಾಳೆಗರಿಯ ಕೊಡೆ, ಜೊತೆಗೆ ಕೆಲವೇ ಆಳುಗಳು. ತಾನು ತೋಡಿಸುತ್ತಿದ್ದ ಕಾಲುವೆ ಕೆಲಸ ನೋಡಲು ಹೊರಟಿದ್ದಳು. ಕಾಡಿನಂಥ ಈ ನಾಡಲ್ಲಿ ನಿನಗೇನು ಕೆಲಸ ಅಂತ ಅವಳೇ ಇವನನ್ನ ವಿಚಾರಿಸಿದಳು. ಸೈಟ್ ಇನ್‌ಸ್ಪೆಕ್ಷನ್‌ಗೆ ಹೊರಟ ರಾಣಿ ಅಂತ ಸಿವಿಲ್ ಬ್ರಾಂಚಿನವರು ನೆನಪಿಟ್ಟುಕೊಳ್ಳಿ. ಹೋದಲ್ಲೆಲ್ಲ ಅವನೂ ಅಸ್ಟ್ರೋಲೇಬ್ ಹಿಡಿದು ಮಧ್ಯಾಹ್ನದ ಸೂರ್ಯನ ಎತ್ತರ ಅಳೆದು ಅಕ್ಷಾಂಶ ಲೆಕ್ಕ ಹಾಕ್ತಿದ್ದ. ಗೋವಾಕ್ಕೆ ಮರಳಿದ ಮೇಲೆ, ಟೈಕೊ ಬ್ರಾಹೆಯ ಗ್ರಹವ್ಯವಸ್ಥೆ ಏನು ಅಂತ ಪಾರಸಿಯಲ್ಲಿ ಬರೆದು ಪರ್ಷಿಯಾದ ಲಾರ್ ಊರಿನಲ್ಲಿದ್ದ ಖಗೋಳಜ್ಞ ಗೆಳೆಯನಿಗಾಗಿ ಸಿದ್ಧ ಮಾಡಿದ. ಇಟಲಿಯವ, ಗೋವಾದಲ್ಲಿ ಕೂತು, ಡೆನ್ಮಾರ್ಕಿನವನ ವಿಚಾರವನ್ನ, ಪರ್ಷಿಯಾದವನಿಗೆ, ಅವನ ಭಾಷೆಯಲ್ಲಿ. ನಾವು ಥರ್ಮೊಡೈನಮಿಕ್ಸ್‌ನ ಒಂದು ನಿಯಮವನ್ನ ಅಮ್ಮನಿಗೆ ಕನ್ನಡದಲ್ಲಿ ಹೇಳೋಕೆ ಹೋಗಿ ಎರಡನೇ ವಾಕ್ಯಕ್ಕೆ ನಿಂತುಬಿಟ್ಟಿದ್ವಿ.

1624ರ ಕೊನೆಗೆ ಗೋವಾ ಬಿಟ್ಟ. ಮಸ್ಕತ್, ಬಸ್ರಾ, ಅಲ್ಲಿಂದ ಮರುಭೂಮಿ ದಾಟಿ ಅಲೆಪ್ಪೊ, ಸೈಪ್ರಸ್. ದಾರಿಯಲ್ಲಿ ಊರ್ ಎಂಬ ಪುರಾತನ ನಗರದ ದಿಬ್ಬದಿಂದ ಅಕ್ಷರ ಒತ್ತಿದ ಇಟ್ಟಿಗೆ ಎತ್ತಿಕೊಂಡ. 1626ರಲ್ಲಿ, ಹೊರಟು 12 ವರ್ಷ ಆಗ್ತಾ ಬಂದಾಗ, ರೋಮ್ ಮುಟ್ಟಿದ. ಮಾನಿಯನ್ನ ಅರಾಚೇಲಿ ಚರ್ಚಿನಲ್ಲಿ ತನ್ನ ಹಿರಿಯರ ಸಮಾಧಿಯಲ್ಲಿ ಇಟ್ಟ. ಮರುವರ್ಷ ಅವಳ ಹೆಸರಲ್ಲಿ ದೊಡ್ಡ ಶ್ರದ್ಧಾಂಜಲಿ ನಡೆಸಿ ತಾನೇ ಭಾಷಣ ಮಾಡಿದ. ಆಮೇಲೆ ಟಿನಾಟಿನ್‌ಳನ್ನ ಮದುವೆಯಾದ, 14 ಮಕ್ಕಳಾದರು. ಮಾನಿಯ ಸಾಕುಮಗಳಂತಿದ್ದವಳು ಅವಳು, ಇದು ನಮಗೆ ಅಷ್ಟು ಸರಿ ಕಾಣಲಿಲ್ಲ, ಆ ಕಾಲಕ್ಕೆ ಯಾರಿಗೂ ತಪ್ಪು ಕಂಡಿರಲಿಕ್ಕಿಲ್ಲ. ಸಿಟ್ಟು ಬೇರೆ ಇತ್ತು. ಪೋಪನ ಮನೆತನದವರ ಸಾರಥಿಯೊಬ್ಬನನ್ನ ಜಗಳದಲ್ಲಿ ಕೊಂದು ಸ್ವಲ್ಪ ಕಾಲ ರೋಮ್ ಬಿಟ್ಟು ಓಡಬೇಕಾಯ್ತು. ಹುಡುಗರಿಗೆ ಮರಳ ಮೇಲೆ ಅಂಕಿ ಬರೆಯೋದು ನೋಡುತ್ತಾ ತಾಳ್ಮೆಯಿಂದ ನಿಂತವನೂ ಇವನೇ.

ಸ್ಕಿಪಾನೊನಿಂದ ಪತ್ರಗಳನ್ನ ವಾಪಸ್ ತರಿಸಿಕೊಂಡು ಪುಸ್ತಕದ ಕೆಲಸ ತಾನೇ ಮಾಡಿದ. ತುರ್ಕಿಯ ಭಾಗ 1650ರಲ್ಲಿ ಅಚ್ಚಾಯ್ತು. ಎರಡು ವರ್ಷಕ್ಕೆ, 1652ರ ಏಪ್ರಿಲ್‌ನಲ್ಲಿ, ತೀರಿಕೊಂಡ. ಗೇರುಸೊಪ್ಪೆಯ ಹೊಳೆ, ನಾಲ್ವರು ಹುಡುಗರು, ಜಕ್ಕಮ್ಮ, ಬರಿಗಾಲ ರಾಣಿ ಇರುವ ಇಂಡಿಯಾದ ಭಾಗ ಹೊರಬಂದಿದ್ದು 1663ರಲ್ಲಿ, ಅವನು ಸತ್ತು 11 ವರ್ಷದ ಮೇಲೆ. ಅವನನ್ನೂ ಅರಾಚೇಲಿಯಲ್ಲೇ, ಮಾನಿ ಇದ್ದಲ್ಲೇ ಇಟ್ಟರು.

ಮುಂದಿನ ರಜೆಗೆ ನಮ್ಮ ಯೋಜನೆ ತಯಾರಾಗಿದೆ. ಹಿಡಕಲ್‌ನಿಂದ ಮೂಡಲಗಿ ಕಡೆಗೆ ಘಟಪ್ರಭೆಯ ದಂಡೆ ಹಿಡಿದು ಹೋಗೋದು, ಊರೂರಿನಲ್ಲಿ ನಿಂತು ಕಂಡದ್ದನ್ನ ಬರೆಯೋದು, ಕನ್ನಡದಲ್ಲಿ. ಬಹಳಷ್ಟು ನಡಿಗೆಯೇ. ಆದರೆ ಧೂಪದಾಳದ ಹಿನ್ನೀರಿನಲ್ಲಿ ಒಂದಿಷ್ಟಾದರೂ ಹರಿಗೋಲಿನಲ್ಲಿ ಹೋಗಬೇಕು ಅಂತ ಆಸೆ. ಹರಿಗೋಲು ಇರುವವರು ನಿಮ್ಮ ಕಡೆ ಯಾರಾದ್ರೂ ಗೊತ್ತಿದ್ರೆ ಕ್ಲಬ್ ರೂಮಿಗೆ ಬಂದು ಹೇಳ್ರಿ. ಈಜು ಬರೋರು ಜೊತೆಗೆ ಬಂದ್ರೆ ಇನ್ನೂ ಚಲೋ, ನಮ್ಮ ಮೂವರಲ್ಲಿ ಒಬ್ಬಳಿಗೆ ಮಾತ್ರ ಬರುತ್ತೆ.